ಉಡುಪಿ ಸೀಮೆಯಲ್ಲೊಂದು ಸೂರ್ಯಯಾತ್ರೆ

ಉಡುಪಿಗೆ ಹೋಗುವವರೆಲ್ಲರೂ ಕೃಷ್ಣದರ್ಶನಕ್ಕಾಗಿಯೇ ಹೋಗುವರೆಂದು ಹೇಳುವ ಕಾಲವು ಕಳೆಯಿತು. ಈಗ ಘಟ್ಟವಿಳಿದು ಬರುವ ಬಸ್ಸುಗಳಲ್ಲಿ ಅರ್ಧಕ್ಕರ್ಧ ಜನರು ಮಣಿಪಾಲದ ವೈದ್ಯರನ್ನು ಕಾಣಲೆಂದು ಹೊರಟವರು. ಹೇಗೂ ಬಂದುದಾಯಿತೆಂದು ದೇವರನ್ನೂ ಕಂಡು ಹಿಂದಿರುಗುವರು. ಕಳೆದ ಮಾಘಮಾಸದಲ್ಲಿ ನಾವು ಹೋದುದೂ ಈ ಬಗೆಯಲ್ಲಿಯೇ. ಅಂಕೋಲೆಯಲ್ಲಿರುವ ನಮ್ಮ ಚಿಕ್ಕಮ್ಮನವರಿಗೆ ಎರಡು ಕಣ್ಣುಗಳಲ್ಲಿಯೂ ಪೊರೆ ಬಂದು, ಪಂಚಾಂಗದ ಅಕ್ಷರಗಳು ಕೂಡಿಕೊಂಡು ಕಾಣುವಷ್ಟಾಗಿತ್ತು. ಅವರು ಹುಟ್ಟಿ ಬೆಳೆದುದು ಉಡುಪಿಯಲ್ಲಿ. ಶಸ್ತ್ರಚಿಕಿತ್ಸೆಯಾಗುವುದಿದ್ದರೆ ತವರೂರಿನ ಬಳಿಯೇ ಆಗಲಿ ಎಂದು ಹಟ ಹಿಡಿದುದರಿಂದ, ಅವರು ಕೊಂಕಣ ರೈಲಿನಲ್ಲಿ ಇಳಿದು ಬಂದರು; ನಾವು ಮನೆಯವರನ್ನು ಕರೆದುಕೊಂಡು ಆಗುಂಬೆಯ ಘಟ್ಟವಿಳಿದು ಹೋಗಿ ಅವರನ್ನು ಕೂಡಿಕೊಂಡೆವು.

ಮಣಿಪಾಲವು ಮುರಕಲ್ಲಿನ ಗುಡ್ಡದ ಮೇಲೆ ಕಟ್ಟಿದ ಊರು. ಮಣ್ಣಪಳ್ಳವೆಂಬ ಕೆರೆಯ ಹೆಸರಿನಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವರು. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಗಳು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಆ ಬೋಳುಗುಡ್ಡದ ಭಾಗ್ಯವೇ ಬೇರೆಯಾಯಿತು. ಅಲ್ಲಿನ ವಿಷಯವನ್ನು ಬಲ್ಲವರು ಬಹಳ ಮಂದಿ ಬರೆದಿರುವುದರಿಂದ ನಾವು ವಿಸ್ತರಿಸುವುದಿಲ್ಲ. ವೈದ್ಯರು ಚಿಕ್ಕಮ್ಮನವರ ಕಣ್ಣುಗಳಿಗೆ ಔಷಧದ ಹನಿಗಳನ್ನು ಬಿಟ್ಟು ಪರೀಕ್ಷಿಸಿ, ಮುಂದಿನ ಬುಧವಾರಕ್ಕೆ ಶಸ್ತ್ರಚಿಕಿತ್ಸೆಯನ್ನು ಗೊತ್ತುಮಾಡಿದರು. ಹೊರಗೆ ಬರುವಾಗ ಕತ್ತಲಾಗಿತ್ತು. ರಸ್ತೆಯ ದೀಪಗಳೆಲ್ಲ ಹತ್ತಿದ್ದುವು. ಚಿಕ್ಕಮ್ಮನವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

“ಮಾಣಿ, ಇಲ್ಲಿನ ದೀಪಕ್ಕೆಲ್ಲ ದೇವರಿಗೆ ಇಟ್ಟ ಹಾಗೆ ಪ್ರಭಾವಳಿ ಇಟ್ಟಿದ್ದಾರಲ್ಲ?”

ನಮಗೆ ಐವತ್ತು ದಾಟಿದ್ದರೂ ಅವರ ಬಾಯಿಯಲ್ಲಿ ನಾವು ಇಂದಿಗೂ ಮಾಣಿಯೇ. ಪೊರೆಯು ಬೆಳಕನ್ನು ಚೆದರಿಸುವುದರಿಂದ ದೀಪಗಳ ಸುತ್ತಲೂ ಬಳೆಗಳು ಕಾಣುವುವೆಂದೂ, ಅವು ದೀಪದಲ್ಲಿಲ್ಲ, ಕಣ್ಣಿನಲ್ಲಿಯೇ ಇರುವುವೆಂದೂ ಹೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಅಂದು ಸೂರ್ಯನಿಗೂ ಹೀಗೆಯೇ ಇತ್ತೋ?” ಎಂದು ಕೇಳಿದರು.

ಯಾವ ಅಂದು ಎಂಬುದು ನಮಗೆ ಕೂಡಲೆ ಹೊಳೆಯಲಿಲ್ಲ. ಹೊಳೆದಾಗ ನಾಚಿಕೆಯಾಯಿತು. ನಲವತ್ತೈದು ವರ್ಷಗಳ ಹಿಂದಿನ ಮಾತನ್ನು ಆಕೆ ಯಾರೊಡನೆಯೂ ಆಡದೆ ಇಟ್ಟುಕೊಂಡಿದ್ದರು.

೧೯೮೦ನೆಯ ಇಸವಿ ಫೆಬ್ರವರಿ ೧೬, ಶನಿವಾರ. ಆ ದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ ಅಂಕೋಲೆಗಳ ಬಳಿಯಲ್ಲಿ ದಡವನ್ನು ಹತ್ತಿ, ಕರ್ಣಾಟಕವನ್ನು ಅಡ್ಡಲಾಗಿ ದಾಟಿ, ರಾಯಚೂರಿನ ಸೀಮೆಯ ಮೇಲೆ ಆಂಧ್ರಕ್ಕೆ ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರೆಯಲ್ಲಿ ಬಿಡಾರ ಹೂಡಿ ಅದನ್ನು ನೋಡಿದರು. ಊರೂರುಗಳಲ್ಲಿ ಬೀದಿಗಳು ಬರಿದಾಗಿ, ಜನರು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಚಿಕ್ಕಮ್ಮನವರಿಗೆ ಆಗ ಇಪ್ಪತ್ತೊಂದು ವರ್ಷ, ಚೊಚ್ಚಲ ಬಸುರಿ. ಅತ್ತೆಯವರು ಮಧ್ಯಾಹ್ನವೇ ಅವರನ್ನು ನಡುಕೋಣೆಯಲ್ಲಿ ಕೂಡಿಸಿ, ಕಿಟಕಿಗೆ ಕಂಬಳಿ ಕಟ್ಟಿ, ದರ್ಭೆಯನ್ನು ಸಿಕ್ಕಿಸಿ, ಅಲುಗಾಡಬೇಡವೆಂದು ಕಟ್ಟುಮಾಡಿದರು. ಮೂರೂವರೆ ಗಂಟೆಯ ಮೇಲೆ, ಮೂರು ನಿಮಿಷಗಳಿಗೆ ಕೊಂಚ ಕಡಿಮೆ ಕಾಲ, ಸೂರ್ಯನು ಪೂರ್ತಿಯಾಗಿ ಮುಚ್ಚಿದನು. ಆ ಹೊತ್ತು ಆ ಮನೆಯ ಮಾಡಿನ ನೇರಕ್ಕೆ, ಜಗತ್ತಿನ ವಿದ್ವಾಂಸರು ಸಾವಿರಾರು ಮೈಲಿ ಹಡಗಿನಲ್ಲಿಯೂ ವಿಮಾನದಲ್ಲಿಯೂ ಬಂದು ನೋಡುವ ನೋಟವು ನಿಂತಿತ್ತು. ಒಳಗಿದ್ದವರಿಗೆ ಕಾಗೆಗಳು ಮರ ಸೇರಿದ ಸದ್ದು ಮಾತ್ರ ಕೇಳಿಸಿತು. ಹುಟ್ಟಿದ ಮಗನು ಈಗ ಪುಣೆಯ ಬ್ಯಾಂಕೊಂದರಲ್ಲಿ ಅಧಿಕಾರಿ. ಆಕಾಶವನ್ನು ಕತ್ತೆತ್ತಿ ನೋಡುವ ಅಭ್ಯಾಸವೇ ಅವನಿಗಿಲ್ಲ.

“ಮಾಡಿನ ಮೇಲೆ ಏನಿತ್ತು, ಅದನ್ನಾದರೂ ಹೇಳು. ನೀನು ಓದಿದವನು” ಎಂದರು ಚಿಕ್ಕಮ್ಮ.

ಬುಧವಾರಕ್ಕೆ ಇನ್ನೂ ನಾಲ್ಕು ದಿನಗಳಿದ್ದುವು. ಮರುದಿನ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿ, ಚಿಕ್ಕಮ್ಮನವರಿಗೆ ತವರಿನ ಸೀಮೆಯನ್ನು ತೋರಿಸುತ್ತ, ನಮಗೆ ತಿಳಿದಷ್ಟನ್ನು ಹೇಳುವುದೆಂದು ನಿಶ್ಚಯಿಸಿದೆವು. ನಾವು ಖಗೋಳಶಾಸ್ತ್ರಜ್ಞರಲ್ಲ, ಆದರೆ ಈ ವಿಷಯದಲ್ಲಿ ಬಹುಕಾಲದಿಂದ ಆಸಕ್ತಿಯುಳ್ಳವರು.

ಬೆಳಗ್ಗೆ ಎದ್ದು ರಥಬೀದಿಗೆ ಹೋದೆವು. ಉಡುಪಿಯಲ್ಲಿ ದೇವರನ್ನು ಬಾಗಿಲಿನಿಂದ ನೋಡುವ ಪದ್ಧತಿಯಿಲ್ಲ. ಒಂಬತ್ತು ರಂಧ್ರಗಳುಳ್ಳ ಬೆಳ್ಳಿಯ ನವಗ್ರಹ ಕಿಂಡಿಯಿಂದ ನೋಡಬೇಕು. ಚಿಕ್ಕಮ್ಮನವರು ಒಂದು ರಂಧ್ರಕ್ಕೆ ಕಣ್ಣಿಟ್ಟು, ಮತ್ತೊಂದಕ್ಕಿಟ್ಟು, “ಕಿಂಡಿಯಲ್ಲಿ ಸ್ವಲ್ಪ ನಿಚ್ಚಳವಾಗಿ ಕಾಣುತ್ತದೆ” ಎಂದರು. ಅದು ನಿಜವೇ, ಸಣ್ಣ ರಂಧ್ರದಿಂದ ನೋಡಿದರೆ ಮಂದದೃಷ್ಟಿಯವರಿಗೂ ಚೆದರಿದ ಬೆಳಕು ಕಡಿಮೆಯಾಗಿ ಆಕೃತಿಯು ತಿಳಿಯಾಗುವುದು. ದೇವರ ಬೆನ್ನಿಗಿರುವ ಪ್ರಭಾವಳಿಯನ್ನು ಕಂಡ ಕೂಡಲೆ, ನಮ್ಮ ಮಾತಿಗೆ ಬೇಕಾದ ಶಬ್ದವು ಅಲ್ಲಿಯೇ ದೊರಕಿತು. ಸೂರ್ಯನ ಸುತ್ತಲೂ ಹರಡಿಕೊಂಡು, ಖಗ್ರಾಸ ಕಾಲದಲ್ಲಿ ಮಾತ್ರ ಬರಿಗಣ್ಣಿಗೆ ಕಾಣುವ ತೆಳುವಾದ ಹೊರ ವಾತಾವರಣವನ್ನು ಪಾಶ್ಚಾತ್ಯರು ಕರೋನವೆಂದು ಕರೆದರೆ, ನಾವು ಪ್ರಭಾವಳಿಯೆಂದು ಕರೆಯೋಣ.

ಖಗ್ರಾಸ ಕಾಲದಲ್ಲಿ ಮಾತ್ರ ಏಕೆಂದರೆ, ಅದರ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು; ಹುಣ್ಣಿಮೆಯ ಚಂದ್ರನಷ್ಟು. ಬಿಂಬದ ಒಂದು ಎಳೆ ಉಳಿದರೂ ಅದು ಮರೆಯಾಗುವುದು. ೨೦೧೯ರ ಡಿಸೆಂಬರ್ ೨೬ರಂದು ಮಂಗಳೂರು, ಕಾಸರಗೋಡುಗಳಲ್ಲಿ ಸೂರ್ಯನು ಬಳೆಯಂತೆ ಕಂಡನು. ಉಡುಪಿಯಲ್ಲಿ ಬಳೆಯು ಕೂಡಿಕೊಳ್ಳದೆ ಕುಡುಗೋಲಿನಂತೆಯೇ ಉಳಿಯಿತು. ಎರಡೂ ಕಡೆಗಳಲ್ಲಿ ಪ್ರಭಾವಳಿಯು ಕಾಣಲಿಲ್ಲ. ಹಾಗೆಂದು ಕನ್ನಡ ನಾಡಿನ ಕರಾವಳಿಗೆ ಈ ನೋಟವು ಹೊಸದಲ್ಲ. ೧೮೭೧ನೆಯ ಡಿಸೆಂಬರ್ ೧೨ರ ಖಗ್ರಾಸವನ್ನು ನೋಡಲು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಎಂಬ ವಿದ್ವಾಂಸನು ತನ್ನ ತಂಡದೊಡನೆ ಬೇಕಲದ ಕೋಟೆಗೆ ಬಂದಿದ್ದನು. ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ಭಾಗ. ಕೆಳದಿಯ ನಾಯಕರ ಆ ಕೋಟೆಯ ಮೇಲೆ ನಿಂತು ಆತನು ಗಾಜಿನ ಪಟ್ಟಕಗಳ ಮೂಲಕ ಪ್ರಭಾವಳಿಯನ್ನು ನೋಡಲು, ಅದು ಬೇರೆಬೇರೆ ಬಣ್ಣಗಳ ಬಳೆಗಳಾಗಿ ಒಡೆದು ಕಂಡಿತು, ಅದರಲ್ಲೊಂದು ಹಸುರು. ಆ ಹಸುರನ್ನು ಎರಡು ವರ್ಷಗಳ ಹಿಂದೆ, ೧೮೬೯ರ ಗ್ರಹಣದಲ್ಲಿ, ಅಮೆರಿಕೆಯ ಯಂಗ್ ಮತ್ತು ಹಾರ್ಕ್ನೆಸ್ ಎಂಬುವರು ಗುರುತಿಸಿದ್ದರು. ಭೂಮಿಯಲ್ಲಿ ಯಾವ ವಸ್ತುವನ್ನು ಕಾಯಿಸಿದರೂ ಆ ಹಸುರು ಬಾರದಿರಲು, ಇದು ಸೂರ್ಯನಲ್ಲಿ ಮಾತ್ರ ಇರುವ ಮೂಲವಸ್ತುವೆಂದು ಬಗೆದು ಅದಕ್ಕೆ ಕರೋನಿಯಂ ಎಂದು ನಾಮಕರಣವನ್ನೂ ಮಾಡಿಬಿಟ್ಟರು. ಎಪ್ಪತ್ತು ವರ್ಷಗಳ ಕಾಲ ಆ ಒಗಟು ಬಿಡಲಿಲ್ಲ.

ಒಗಟಿನ ಉತ್ತರವನ್ನು ಕಾರ್ಕಳದ ದಾರಿಯಲ್ಲಿ ಹೇಳಿದೆವು. ಬೈಲೂರಿನ ಕಡೆಯಿಂದ ಹೋಗುವಾಗ ರಸ್ತೆಯ ಬದಿಯಲ್ಲಿ ಮುರಕಲ್ಲನ್ನು ಕಡಿದು ಒಟ್ಟಿದ್ದರು. ಕೆಂಪು ಧೂಳು ಗಿಡಗಳ ಮೇಲೆಲ್ಲ ಕುಳಿತಿತ್ತು. ಈ ಕಲ್ಲಿಗೆ ಆ ಕೆಂಪು ಬಂದುದು ಕಬ್ಬಿಣದಿಂದ. ನಮ್ಮ ಕರಾವಳಿಯ ಮನೆಗಳ ಗೋಡೆಗಳಿಗೂ ಅಂಗಳಕ್ಕೂ ಮಕ್ಕಳ ಬಟ್ಟೆಗಳಿಗೂ ಬಣ್ಣ ಕೊಟ್ಟಿರುವುದು ಕಬ್ಬಿಣದ ತುಕ್ಕೇ. ಪ್ರಭಾವಳಿಯ ಹಸುರೂ ಇದೇ ಕಬ್ಬಿಣದ್ದು ಎಂದು ನಾವು ಹೇಳಲು, ನಮ್ಮ ಮನೆಯವರು ನಂಬಲಿಲ್ಲ. ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಎಂಬುವರು ೧೯೩೯ರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಇದನ್ನು ಕಂಡುಹಿಡಿದರು. ಕಬ್ಬಿಣದ ಪರಮಾಣುವಿನಲ್ಲಿ ಇಪ್ಪತ್ತಾರು ಎಲೆಕ್ಟ್ರಾನುಗಳಿರುವುವು. ಅವುಗಳಲ್ಲಿ ಹದಿಮೂರು ಉದುರಿಹೋದರೆ ಉಳಿದುದು ಆ ಹಸುರು ಬೆಳಕನ್ನು ಕೊಡುವುದು. ಹದಿಮೂರು ಉದುರಬೇಕಾದರೆ ಎಷ್ಟು ಕಾವು ಬೇಕು? ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿ. ಹೊಸ ವಸ್ತುವಿನ ಒಗಟು ಬಿಟ್ಟಿತು; ಅದಕ್ಕಿಂತ ದೊಡ್ಡದೊಂದು ಬಂದು ಕುಳಿತಿತು.

ಆ ದೊಡ್ಡ ಒಗಟು ಯಾವುದೆಂಬುದನ್ನು ಬಚ್ಚಲ ಒಲೆಯ ಬಳಿ ಕುಳಿತವರಾರೂ ತಿಳಿಯಬಲ್ಲರು. ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆಯಾಗಬೇಕು. ಸೂರ್ಯನ ಬಿಂಬದ ಮೇಲ್ಮೈಯಲ್ಲಿ ಕಾವು ಸುಮಾರು ೫,೫೦೦ ಡಿಗ್ರಿ. ಅಲ್ಲಿಂದ ಮೇಲಕ್ಕೆ ಕೆಲವು ಸಾವಿರ ಕಿಲೋಮೀಟರು ಹೋಗುವುದರೊಳಗಾಗಿ ಅದು ಹತ್ತು, ಇಪ್ಪತ್ತು ಲಕ್ಷಕ್ಕೆ ಏರುವುದು! ಬಚ್ಚಲಿನಿಂದ ಎದ್ದು ಜಗುಲಿಗೆ ಬಂದಾಗ ಮೈ ಬೆಂದುಹೋದಂತೆ. ತಣ್ಣಗಿರುವುದರಿಂದ ಬಿಸಿಯಾದುದಕ್ಕೆ ಕಾವು ತಾನಾಗಿ ಹರಿಯಲಾರದು. ಇದು ಪ್ರಕೃತಿಯ ಕಟ್ಟಳೆ. ಬಿಂಬದ ಬೆಳಕಾದರೋ ಪ್ರಭಾವಳಿಯನ್ನು ತಟ್ಟದೆ ಹಾದುಬರುವುದು, ಏಕೆಂದರೆ ಅದು ನಾವು ಉಸಿರಾಡುವ ಗಾಳಿಗಿಂತ ಸಾವಿರ ಕೋಟಿ ಪಾಲು ತೆಳು. ಹಾಗಾದರೆ ಆ ಕಾವು ಬಂದುದು ಎಲ್ಲಿಂದ?

ಕಾರ್ಕಳಕ್ಕೆ ಮುಟ್ಟಿದಾಗ ಹನ್ನೊಂದು ಗಂಟೆಯಾಗಿತ್ತು. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಿಸಿದ ನಲವತ್ತೆರಡು ಅಡಿಗಳ ಗೊಮ್ಮಟನು ಬಂಡೆಯ ಬೆಟ್ಟದ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದನು. ಆರುನೂರು ವರ್ಷಗಳ ಬಿಸಿಲು! ಚಿಕ್ಕಮ್ಮನವರಿಗೆ ಮೆಟ್ಟಿಲುಗಳ ಅಂಚು ತಿಳಿಯದಿದ್ದುದರಿಂದ ನಮ್ಮ ಮನೆಯವರು ಕೈಹಿಡಿದು ಒಂದೊಂದನ್ನೇ ಎಣಿಸುತ್ತ ಹತ್ತಿಸಿದರು. ಬರಿಗಾಲಿಗೆ ಬಂಡೆಯು ಆಗಲೇ ಕಾದಿತ್ತು. ಮೇಲೆ ಪ್ರಾಕಾರದ ನೆರಳಿನಲ್ಲಿ ಕುಳಿತಾಗ ಕೆಳಗೆ ಊರಿನ ಹೆಂಚಿನ ಮಾಡುಗಳು, ಕೆರೆ, ಎದುರಿನ ದಿಬ್ಬದ ಚತುರ್ಮುಖ ಬಸದಿಯ ಕಂಬಗಳು, ಪೂರ್ವಕ್ಕೆ ಘಟ್ಟದ ನೀಲಿ, ಎಲ್ಲವೂ ನಮಗೆ ಕಂಡುವು. ಚಿಕ್ಕಮ್ಮನವರು ಅದನ್ನೆಲ್ಲ ಕೇಳಿ ತಿಳಿದುಕೊಂಡರು. ಇದನ್ನು ಬರೆಯುವಾಗ ನಮಗೆ ಸ್ವಲ್ಪ ಸಂಕಟವಾಗುತ್ತದೆ. ಆ ದಿನ ಅವರು ಮಾತ್ರ ಲವಲವಿಕೆಯಿಂದಲೇ ಇದ್ದರು.

ಗೊಮ್ಮಟನ ಪಾದದ ಬಳಿಯಲ್ಲಿ ಕುಳಿತು ಒಗಟನ್ನು ಮತ್ತೊಮ್ಮೆ ವಿವರಿಸಿದೆವು. ತಣ್ಣಗಿನ ಜಾಗದಿಂದ ಕಾವು ಹರಿಯದಿದ್ದರೆ, ಮೇಲಿನದು ಬೇಯುವುದು ಹೇಗೆ? ಚಿಕ್ಕಮ್ಮನವರು ತಡಮಾಡದೆ, “ಅದರಲ್ಲೇನಿದೆ ಮಾಣಿ? ಅರಣಿ ಕಡೆಯುವಾಗ ಹಗ್ಗ ಎಳೆಯುವವನ ಕೈ ಏನು ಸುಡುತ್ತದೆಯೇ? ಹಗ್ಗವೂ ತಣ್ಣಗೆಯೇ ಇರುತ್ತದೆ. ಬೆಂಕಿ ಬರುವುದು ಕಟ್ಟಿಗೆಯಲ್ಲಿ” ಎಂದರು.

ನಾವು ಬೆರಗಾದೆವು. ವಿದ್ವಾಂಸರು ಬಹುಕಾಲ ವಾದಿಸಿ ಒಪ್ಪಿದ ಮಾತಿನ ಸಾರವೇ ಇದು. ಯಜ್ಞಶಾಲೆಯಲ್ಲಿ ಅರಣಿಯನ್ನು ಮಥಿಸುವಾಗ ತೋಳಿನಿಂದ ಹೊರಟುದು ಕಾವಲ್ಲ, ದುಡಿಮೆ. ಅದು ಹಗ್ಗದ ಮೂಲಕ ಸಾಗಿ, ಎರಡು ಕಟ್ಟಿಗೆಗಳು ಉಜ್ಜುವಲ್ಲಿ ಕಾವಾಗಿ ಬದಲಾಗುವುದು. ಸೂರ್ಯನಲ್ಲಿಯೂ ಕಾವು ಮೇಲಕ್ಕೆ ಹೋಗುವುದಿಲ್ಲ. ದುಡಿಮೆಯು ಹೋಗಿ ಅಲ್ಲಿ ಕಾವಾಗುವುದು. ತೋಳು ಯಾವುದು, ಹಗ್ಗ ಯಾವುದು ಎಂಬುದೇ ಉಳಿದ ಪ್ರಶ್ನೆ.

ತೋಳು ಕೆಳಗಿದೆ. ಕುಚ್ಚಲಕ್ಕಿಯ ಗಂಜಿಯು ಕುದಿಯುವಾಗ ಹಂಡೆಯಲ್ಲಿ ಗುಳ್ಳೆಗುಳ್ಳೆಯಾಗಿ ಎದ್ದು ಮಗುಚುವಂತೆ, ಸೂರ್ಯನ ಮೇಲ್ಮೈಯು ಎಡೆಬಿಡದೆ ಕುದಿಯುತ್ತಿರುವುದು. ಅಲ್ಲಿನ ಒಂದೊಂದು ಗುಳ್ಳೆಯೂ ಬೆಂಗಳೂರಿನಿಂದ ಮುಂಬಯಿಗಿರುವಷ್ಟು ಅಗಲ. ಹತ್ತು ನಿಮಿಷದೊಳಗೆ ಎದ್ದು ಅಡಗುವುದು. ಹಗ್ಗವೆಂದರೆ ಕಾಂತಶಕ್ತಿಯ ರೇಖೆಗಳು. ಸೂಜಿಗಲ್ಲಿನ ಮೇಲೆ ಕಾಗದವಿಟ್ಟು ಕಬ್ಬಿಣದ ಅರದ ಪುಡಿಯನ್ನು ಉದುರಿಸಿದರೆ ಪುಡಿಯು ಕಮಾನುಕಮಾನಾಗಿ ಸಾಲುಗೂಡುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುವರು. ೧೯೦೮ರಲ್ಲಿ ಅಮೆರಿಕೆಯ ಹೇಲ್ ಎಂಬಾತನು ಸೂರ್ಯನ ಕಲೆಗಳಲ್ಲಿ ಇಂಥ ಕಾಂತಶಕ್ತಿಯಿರುವುದನ್ನು ತೋರಿಸಿಕೊಟ್ಟನು. ನಮ್ಮ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಶಕ್ತಿಗಿಂತ ಅದು ಸಾವಿರಾರು ಪಾಲು ಬಲವಾದುದು. ಸೂರ್ಯನ ಅನಿಲವು ವಿದ್ಯುತ್ಕಣಗಳಿಂದ ಕೂಡಿರುವುದರಿಂದ ಅನಿಲವೂ ರೇಖೆಗಳೂ ಒಂದನ್ನೊಂದು ಬಿಡಲಾರವು. ಕೆಳಗೆ ಅನಿಲವು ದಟ್ಟವಾಗಿರುವುದರಿಂದ ತಾನು ಹೋದಲ್ಲಿಗೆ ರೇಖೆಗಳ ಬುಡಗಳನ್ನು ಎಳೆದೊಯ್ಯುವುದು. ಮೇಲೆ ಅದು ತೆಳುವಾದುದರಿಂದ ರೇಖೆಗಳದೇ ದೊರೆತನ, ಅನಿಲವು ಅವುಗಳ ಹಿಂದೆ ಹೋಗಬೇಕು. ಗ್ರಹಣದಲ್ಲಿ ಕಾಣುವ ಪ್ರಭಾವಳಿಯ ಎಸಳುಗಳೂ ಕಮಾನುಗಳೂ ಈ ರೇಖೆಗಳ ಚಿತ್ರವೇ. ೧೯೮೦ರಲ್ಲಿ ಸೂರ್ಯನು ತನ್ನ ಹನ್ನೊಂದು ವರ್ಷಗಳ ಏರಿಳಿತದ ತುದಿಯಲ್ಲಿದ್ದನು; ಅಂಥ ಕಾಲದಲ್ಲಿ ಎಸಳುಗಳು ಎರಡು ಪಕ್ಕಗಳಿಗೆ ಮಾತ್ರ ಚಾಚದೆ ಸುತ್ತಲೂ ಅರಳುವುವು.

“ಸೇವಂತಿಗೆಯಂತೆಯೋ?” ಎಂದರು ಚಿಕ್ಕಮ್ಮ.

ಹೌದು, ನಡುವೆ ಕರಿಯ ಬಿಂಬವಿರುವ ಬಿಳಿಯ ಸೇವಂತಿಗೆಯಂತೆ.

ಮಧ್ಯಾಹ್ನ ಊಟ ಮುಗಿಸಿಕೊಂಡು ಬೆಳ್ಮಣ್ಣಿನ ದಾರಿಯಾಗಿ ಪಡುಬಿದ್ರಿಗೆ ಇಳಿದು, ಅಲ್ಲಿಗೆ ಸಮೀಪವಾದ ಅದಮಾರಿಗೆ ಹೋದೆವು. ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಹಳ್ಳಿಯಿದು. ತೆಂಗು, ಗದ್ದೆ, ಮಠ, ಶಾಲೆ. ಇಲ್ಲಿ ೧೯೩೨ರ ಮಾರ್ಚ್ ೧೦ರಂದು ಹುಟ್ಟಿದ ಉಡುಪಿ ರಾಮಚಂದ್ರ ರಾಯರು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಅನಂತಪುರ, ಕಾಶಿಗಳಲ್ಲಿ ಕಲಿತು, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾದರು. ೧೯೭೫ರಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರೆಂದೂ, ೧೯೮೪ರಿಂದ ಹತ್ತು ವರ್ಷ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರೆಂದೂ ಯು. ಆರ್. ರಾಯರನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ಮೊದಲು ಅವರು ಸೂರ್ಯನ ವಿಷಯದಲ್ಲಿ ಮಾಡಿದ ಕೆಲಸವನ್ನು ಅವರ ಊರಿನವರೂ ಅಷ್ಟಾಗಿ ನೆನೆಯುವುದಿಲ್ಲ.

ಪ್ರಭಾವಳಿಯು ಅಷ್ಟು ಬಿಸಿಯಾದರೆ ಅದು ಸೂರ್ಯನ ಹಿಡಿತದಲ್ಲಿ ನಿಲ್ಲಲಾರದು, ಗಾಳಿಯಾಗಿ ಹೊರಕ್ಕೆ ಬೀಸಲೇಬೇಕು ಎಂದು ೧೯೫೮ರಲ್ಲಿ ಅಮೆರಿಕೆಯ ಯೂಜೀನ್ ಪಾರ್ಕರ್ ಬರೆದನು. ಇಬ್ಬರು ಪರೀಕ್ಷಕರು ಅದನ್ನು ಅಚ್ಚು ಹಾಕಕೂಡದೆಂದರು; ಪತ್ರಿಕೆಯ ಸಂಪಾದಕರಾಗಿದ್ದ ನಮ್ಮ ಚಂದ್ರಶೇಖರರು ಲೆಕ್ಕದಲ್ಲಿ ತಪ್ಪು ಕಾಣದೆ ಅಚ್ಚು ಹಾಕಿಸಿದರು. ಸಂಪಾದಕರಲ್ಲಿ ಇಂಥವರೂ ಇರುವರೆಂಬುದು ಬರೆಯುವವರಿಗೆ ಸಮಾಧಾನದ ಸಂಗತಿ. ೧೯೬೨ರಲ್ಲಿ ಶುಕ್ರನ ಕಡೆಗೆ ಹೊರಟ ಮ್ಯಾರಿನರ್ ೨ ಎಂಬ ನೌಕೆಯು ಆ ಗಾಳಿಯನ್ನು ಅಳೆಯಿತು. ಆಗ ಅಮೆರಿಕೆಯಲ್ಲಿದ್ದ ರಾಯರು, ಸ್ನೈಡರ್ ಮತ್ತು ನಾಯ್‌ಗೆಬೌವರ್ ಎಂಬುವರೊಡನೆ ಸೇರಿ, ಆ ಅಳತೆಗಳನ್ನು ಪರಿಶೀಲಿಸಿ ೧೯೬೩ರಲ್ಲಿ ಪ್ರಕಟಿಸಿದರು. ಗಾಳಿಯು ಬಿಟ್ಟುಬಿಟ್ಟಲ್ಲ, ಎಡೆಬಿಡದೆ ಸೆಕೆಂಡಿಗೆ ನೂರಾರು ಕಿಲೋಮೀಟರುಗಳ ವೇಗದಿಂದ ಬೀಸುತ್ತಿರುವುದು. ಅದರ ವೇಗವು ಏರಿದಾಗ ಭೂಮಿಯ ಕಾಂತಶಕ್ತಿಯೂ ಕಲಕುವುದು. ಹೀಗೆ ಸೂರ್ಯನ ಕಾಂತಶಕ್ತಿಯು ಸಾಗಿಸಿದ ದುಡಿಮೆಯು ನಮ್ಮ ಮನೆಯ ಮೇಲಿನವರೆಗೂ ಬಂದು ಮುಟ್ಟುವುದು. ೨೦೨೪ರ ಮೇ ೧೦ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶವು ಕೆಂಪಾದುದು ಇದರಿಂದಲೇ. ತೆಂಗಿನ ಮರಗಳ ನಡುವೆ ನಿಂತು, ಇಲ್ಲಿಂದ ಹೋದ ಹುಡುಗನು ಆ ಗಾಳಿಯ ಜಾಡನ್ನು ಹಿಡಿದನೆಂದು ಎಣಿಸಿದಾಗ ನಮಗೆ ಬಹಳ ಸಂತೋಷವಾಯಿತು.

ಅದಮಾರಿನಿಂದ ಕಾಪುವಿಗೆ ಹೆಚ್ಚು ದೂರವಿಲ್ಲ. ಐದು ಗಂಟೆಗೆ ಕಡಲ ದಂಡೆಯನ್ನು ಸೇರಿದೆವು. ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವು ದಡದ ಬಂಡೆಗಳ ಮೇಲೆ ಸುಮಾರು ತೊಂಬತ್ತು ಅಡಿ ಎತ್ತರಕ್ಕೆ ನಿಂತಿದೆ. ಅದಕ್ಕೆ ಸ್ವಲ್ಪ ತೆಂಕಣಕ್ಕೆ ಮೊಗವೀರರು ಕೈರಂಪಣಿ ಬಲೆಯನ್ನು ಎಳೆಯುತ್ತಿದ್ದರು. ಎರಡು ಸಾಲಾಗಿ ನಿಂತ ಜನ, ನೀರಿನೊಳಕ್ಕೆ ಇಳಿದ ಉದ್ದನೆಯ ಹಗ್ಗಗಳು, ಎಲ್ಲರ ಬಾಯಿಯಲ್ಲಿ ಒಂದೇ ಕೂಗು. ನಮ್ಮ ಕಾರಿನ ಹುಡುಗನು ಅದೇ ಊರಿನವನಾದುದರಿಂದ ಓಡಿಹೋಗಿ ತಾನೂ ಹಗ್ಗಕ್ಕೆ ಕೈಹಚ್ಚಿದನು.

ಉಳಿದ ವಿವಾದವನ್ನು ಹೇಳುವುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ಸ್ಥಳವು ಸಿಕ್ಕಲಾರದು. ಹಗ್ಗದ ಮೂಲಕ ದುಡಿಮೆಯು ಮೇಲಕ್ಕೆ ಹೋಗುವುದು ಎರಡು ಬಗೆಯಲ್ಲಿ ಸಾಧ್ಯ. ಬಿಗಿಯಾದ ಹಗ್ಗದ ತುದಿಯನ್ನು ಒಮ್ಮೆ ಕೊಡವಿದರೆ ಅಲೆಯೊಂದು ಸರ್ರನೆ ಅದರುದ್ದಕ್ಕೂ ಓಡಿ ಆಚೆಯ ತುದಿಯಲ್ಲಿರುವವನ ಕೈಯನ್ನು ಜಗ್ಗುವುದು. ಹಗ್ಗವು ಇದ್ದಲ್ಲಿಯೇ ಇರುವುದು, ಹೋದುದು ಅಲೆ. ಕಾಂತರೇಖೆಗಳ ಮೇಲೆಯೂ ಇಂಥ ಅಲೆಗಳು ಓಡುವುವೆಂದು ೧೯೪೨ರಲ್ಲಿ ಸ್ವೀಡನ್ನಿನ ಹಾನೆಸ್ ಆಲ್ವೆನ್ ಲೆಕ್ಕದಿಂದ ತೋರಿಸಿದನು. ೧೯೭೦ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರಕಿತು. ಪ್ರಭಾವಳಿಯಲ್ಲಿ ಅಂಥ ಅಲೆಗಳು ತುಂಬಿಕೊಂಡಿರುವುದನ್ನು ೨೦೦೭ರಲ್ಲಿ ಕಣ್ಣಾರೆ ಕಂಡರು. ಆದರೆ ಇಲ್ಲಿ ಒಂದು ತೊಡಕಿದೆ. ಅಲೆಯು ಮೇಲಕ್ಕೆ ಹೋದರೆ ಸಾಲದು, ಅಲ್ಲಿ ಒಡೆದು ಕಾವಾಗಬೇಕು. ಆಲ್ವೆನ್ನನ ಅಲೆಗಳು ಹಟಮಾರಿಗಳು. ಬಹುದೂರ ಓಡುವುವು, ಬೇಗನೆ ಒಡೆಯುವುದಿಲ್ಲ. ಎದುರಿನಿಂದ ಹಿಂದಿರುಗುವ ಅಲೆಗಳೊಡನೆ ತಾಕಲಾಡಿ ಚೂರುಚೂರಾಗಿ, ಕೊನೆಗೆ ಅತಿ ಸಣ್ಣ ಸುಳಿಗಳಲ್ಲಿ ಕಾವಾಗುವುವೆಂದು ಈ ಪಕ್ಷದವರು ಹೇಳುವರು.

ಇನ್ನೊಂದು ಬಗೆಯನ್ನು ಚಿಕ್ಕಮ್ಮನವರ ಕೈಗೆ ಒಂದು ತುಂಡು ಕತ್ತದ ಹಗ್ಗವನ್ನು ಕೊಟ್ಟು ತೋರಿಸಿದೆವು. ಹಗ್ಗವನ್ನು ಹುರಿಗೊಳಿಸುತ್ತ ಹೋಗಿ, ಹೋಗಿ, ಇನ್ನೂ ಹುರಿಗೊಳಿಸಿದರೆ ಏನಾಗುವುದು? ಅದು ತಟ್ಟನೆ ಮಡಿಸಿಕೊಂಡು ಗಂಟಾಗಿ, ಎಳೆಗಳು ಪಟಪಟನೆ ಹರಿಯುವುವು. ಕೆಳಗಿನ ಗುಳ್ಳೆಗಳು ರೇಖೆಗಳ ಬುಡಗಳನ್ನು ಅತ್ತಿತ್ತ ಎಳೆದಾಡುವುದರಿಂದ ಮೇಲೆ ರೇಖೆಗಳು ಹೆಣೆದುಕೊಂಡು ಜಡೆಯಾಗುವುವು. ಬಿಗಿಯು ಮಿತಿಮೀರಿದಾಗ ಎರಡು ರೇಖೆಗಳು ಹರಿದು, ಒಂದರ ತುದಿಯು ಮತ್ತೊಂದರ ತುದಿಗೆ ಕೂಡಿಕೊಂಡು, ಕೂಡಿಟ್ಟ ಶಕ್ತಿಯು ಸಿಡಿದು ಕಾವಾಗುವುದು. ಸೂರ್ಯನಲ್ಲಿ ಆಗಾಗ ಕಾಣುವ ದೊಡ್ಡ ಸಿಡಿತಗಳು ಇದೇ ಜಾತಿಯವು. ಅವುಗಳ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಸಣ್ಣ ಸಿಡಿತಗಳು ಪ್ರಭಾವಳಿಯ ತುಂಬ ಲೆಕ್ಕವಿಲ್ಲದೆ ನಡೆಯುತ್ತಿರುವುವೆಂದು ೧೯೮೮ರಲ್ಲಿ ಅದೇ ಪಾರ್ಕರನು ಸೂಚಿಸಿದನು.

ಬೇಕಾದ ಶಕ್ತಿಯಾದರೋ ಬಹಳವಲ್ಲ. ಸೂರ್ಯನ ಮೇಲ್ಮೈಯ ಒಂದೊಂದು ಚದರ ಮೀಟರಿನಿಂದ ಸುಮಾರು ಆರು ಕೋಟಿ ವ್ಯಾಟುಗಳಷ್ಟು ಬೆಳಕು ಹೊರಡುವುದು. ಶಾಂತವಾದ ಕಡೆಗಳಲ್ಲಿ ಪ್ರಭಾವಳಿಯನ್ನು ಬಿಸಿಯಾಗಿಡಲು ಮುನ್ನೂರು ವ್ಯಾಟು ಸಾಕು, ಹಳೆಯ ಕಾಲದ ಐದು ಬಲ್ಬುಗಳಷ್ಟು. ಕಲೆಗಳ ಮೇಲ್ಗಡೆಯಲ್ಲಿ ಹತ್ತು ಸಾವಿರ. ಅಷ್ಟು ದೊಡ್ಡ ಸಂಸಾರದ ಹೊಸ್ತಿಲಲ್ಲಿ ಚೆಲ್ಲಿದ ಕಾಳು ಮಾತ್ರ. ಕಾಳು ಹೊಸ್ತಿಲನ್ನು ಹೇಗೆ ದಾಟಿತೆಂಬುದಕ್ಕೇ ಇಷ್ಟು ಜಗಳ! ಅಲೆಯೋ ಹುರಿಯೋ ಎಂದರೆ, ಎರಡೂ ಉಂಟು, ಎಲ್ಲಿ ಯಾವುದು ಎಷ್ಟು ಎಂಬುದೇ ತೀರ್ಮಾನವಾಗಬೇಕು ಎಂದು ಈಗ ಹೆಚ್ಚಿನವರು ಹೇಳುವರು. ನಮಗೇನೋ ಶಾಂತ ಕಾಲದಲ್ಲಿ ಅಲೆಯೂ ಕಲೆಗಳ ಬಳಿಯಲ್ಲಿ ಹುರಿಯೂ ಮುಂದಾಗಿರಬೇಕೆಂದು ತೋರುತ್ತದೆ. ಆದರೆ ಇದು ದಂಡೆಯ ಮೇಲೆ ಕುಳಿತವರ ಮಾತು.

ತೀರ್ಮಾನಕ್ಕಾಗಿ ಹೋದವರು ಬೇರೆ ಇದ್ದಾರೆ. ಪಾರ್ಕರನ ಹೆಸರನ್ನೇ ಹೊತ್ತ ಅಮೆರಿಕೆಯ ನೌಕೆಯು ೨೦೧೮ರಲ್ಲಿ ಹೊರಟು, ೨೦೨೧ರ ಏಪ್ರಿಲಿನಲ್ಲಿ ಪ್ರಭಾವಳಿಯೊಳಕ್ಕೇ ಹೊಕ್ಕು, ೨೦೨೪ರ ಡಿಸೆಂಬರ್ ೨೪ರಂದು ಸೂರ್ಯನಿಗೆ ೬೧ ಲಕ್ಷ ಕಿಲೋಮೀಟರಿನಷ್ಟು ಸಮೀಪಕ್ಕೆ ಹೋಯಿತು. ನಮ್ಮವರದು ಆದಿತ್ಯ ಎಲ್ ೧. ಮೊದಲು ಭೂಮಿಯ ಸಮೀಪದಲ್ಲಿ ಸುತ್ತಲೆಂದು ಎಣಿಸಿದ್ದ ಆ ಉಪಗ್ರಹವನ್ನು, ಎಂದೂ ಅಸ್ತವಿಲ್ಲದೆ ಸೂರ್ಯನನ್ನು ನೋಡುವಂತೆ ೧೫ ಲಕ್ಷ ಕಿಲೋಮೀಟರು ದೂರಕ್ಕೆ ಕಳುಹಬೇಕೆಂದು ಸಲಹೆ ಕೊಟ್ಟವರಲ್ಲಿ ಅದಮಾರಿನ ರಾಯರು ಮುಖ್ಯರು. ಅದು ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟು ೨೦೨೪ರ ಜನವರಿ ೬ರಂದು ತನ್ನ ನೆಲೆಯನ್ನು ಸೇರಿತು. ರಾಯರು ೨೦೧೭ರಲ್ಲಿಯೇ ತೀರಿಕೊಂಡಿದ್ದರು. ಅದರಲ್ಲಿರುವ ಮುಖ್ಯ ದೂರದರ್ಶಕವನ್ನು ಬೆಂಗಳೂರಿನ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದರು. ಸೂರ್ಯಬಿಂಬದ ಬೆಳಕನ್ನು ಒಳಗೇ ತಡೆದು, ದಿನವೂ ಗ್ರಹಣವನ್ನು ಮಾಡಿಕೊಂಡು ಪ್ರಭಾವಳಿಯನ್ನು ನೋಡುವ ಯಂತ್ರವದು. ಅದು ಅರಸುವ ಬಣ್ಣಗಳಲ್ಲಿ ಲಾಕಿಯರ್ ಬೇಕಲದಲ್ಲಿ ಕಂಡ ಆ ಹಸುರೂ ಒಂದು.

ಸೂರ್ಯನು ನೀರಿಗಿಳಿದನು. ಬಲೆಯು ದಡಕ್ಕೆ ಬಂದಿತು. ಸಿಕ್ಕಿದುದು ಎರಡು ಬುಟ್ಟಿ ಸಣ್ಣಮೀನು ಎಂದು ಕಾರಿನ ಹುಡುಗನು ಮುಖ ಸಣ್ಣದು ಮಾಡಿಕೊಂಡು ಬಂದು ಹೇಳಿದನು. ಚಿಕ್ಕಮ್ಮನವರು ಕೈಯಲ್ಲಿದ್ದ ಹಗ್ಗದ ತುಂಡನ್ನು ಹುರಿಗೊಳಿಸುತ್ತ, ಬಿಚ್ಚುತ್ತ, ಬಹಳ ಹೊತ್ತು ಸುಮ್ಮನಿದ್ದರು. ಇಂಥ ಗ್ರಹಣವು ಮತ್ತೆ ಯಾವಾಗ ಎಂದು ಕೇಳಿದರು. ಭರತಖಂಡದಲ್ಲಿ ೨೦೩೪ರ ಮಾರ್ಚ್ ೨೦ರಂದು, ಅದೂ ಕಾಶ್ಮೀರ ಲಡಾಖುಗಳ ಕಡೆಯಲ್ಲಿ ಎಂದೆವು. ಅವರು ನಕ್ಕರು. ಆಮೇಲೆ, ನಾವು ಎಂದೂ ಕೇಳದ ಮಾತೊಂದನ್ನು ಹೇಳಿದರು.

“ಆ ದಿನ ನಾನು ಏನೂ ಕಾಣಲಿಲ್ಲವೆಂದು ಎಲ್ಲರೂ ಎಣಿಸಿದ್ದಾರೆ. ಮಾಡಿನಲ್ಲಿ ಒಂದು ಹೆಂಚು ಸರಿದಿತ್ತು ಮಾಣಿ. ಅದರ ಸಂದಿನಿಂದ ಬಿಸಿಲಿನ ಒಂದು ಬಿಲ್ಲೆ ಸೆಗಣಿ ಸಾರಿಸಿದ ನೆಲದ ಮೇಲೆ ಬೀಳುತ್ತಿತ್ತು. ನೋಡುತ್ತ ನೋಡುತ್ತ ಅದು ಚಂದ್ರನ ಹಾಗೆ ಆಯಿತು. ಬಿದಿಗೆಯ ಚಂದ್ರನಾಯಿತು. ಅದು ನನ್ನ ಕಡೆಗೇ ಸರಿಯುತ್ತಿತ್ತು. ಹೊಟ್ಟೆಗೆ ತಾಗಿದರೆ ಮಗುವಿಗೆ ಏನಾಗುತ್ತದೋ ಎಂದು ನಾನು ಗೋಡೆಗೆ ಒತ್ತಿ ಕುಳಿತೆ. ಆಮೇಲೆ ಅದು ಕೂದಲೆಳೆಯಷ್ಟಾಗಿ ಆರಿಹೋಯಿತು. ಕತ್ತಲೆ. ಅತ್ತೆಯವರು ಮಂತ್ರ ಹೇಳುವುದನ್ನು ನಿಲ್ಲಿಸಿಬಿಟ್ಟರು. ತಿರುಗಿ ಬಂದಾಗ ಬಿಲ್ಲೆಯ ಬಾಗು ಬೇರೆ ದಿಕ್ಕಿಗೆ ಇತ್ತು. ಯಾರಿಗಾದರೂ ಹೇಳಿದರೆ ಗ್ರಹಣ ನೋಡಿದೆಯೆಂದು ಬೈಯುತ್ತಾರೆಂದು ಹೇಳಲಿಲ್ಲ.”

ಸಣ್ಣ ಸಂದಿನಿಂದ ಇಳಿದ ಬೆಳಕು ನೆಲದ ಮೇಲೆ ಸೂರ್ಯನ ಚಿತ್ರವನ್ನೇ ಬರೆಯುವುದೆಂದೂ, ಗ್ರಹಣವನ್ನು ನೋಡಲು ಅದಕ್ಕಿಂತ ಅಪಾಯವಿಲ್ಲದ ದಾರಿಯು ಇನ್ನೊಂದಿಲ್ಲವೆಂದೂ, ಶಾಲೆಗಳಲ್ಲಿ ಮಕ್ಕಳಿಗೆ ಈಗ ಕಲಿಸುವುದು ಅದನ್ನೇ ಎಂದೂ ಹೇಳಿದೆವು. “ಹಾಗಾದರೆ ನಾನು ನೋಡಿದ್ದು ಗ್ರಹಣವೇ?” ಎಂದು ಎರಡು ಸಲ ಕೇಳಿದರು. ಗ್ರಹಣವೇ ಎಂದೆವು. ಪ್ರಭಾವಳಿಯೊಂದು ಮಾತ್ರ ಆ ಹೆಂಚಿನ ಸಂದಿಗೆ ಮೀರಿದುದು. ಅದರ ಬೆಳಕು ನೆಲದ ಮೇಲೆ ಮೂಡುವಷ್ಟಿಲ್ಲ.

ಅಷ್ಟರಲ್ಲಿ ದೀಪಸ್ತಂಭದ ದೀಪವು ಹತ್ತಿ ತಿರುಗತೊಡಗಿತು. ಹೊರಡೋಣವೆಂದು ನಮ್ಮ ಮನೆಯವರು ಎದ್ದರು. ಚಿಕ್ಕಮ್ಮನವರು ಏಳಲಿಲ್ಲ. ಬುಧವಾರದ ಮೇಲೆ ದೀಪಗಳ ಸುತ್ತಲಿನ ಈ ಬಳೆಗಳು ಹೋಗಿಬಿಡುವುವೇ ಎಂದು ಕೇಳಿದರು. ಹೋಗುವುವೆಂದು ವೈದ್ಯರು ಹೇಳಿರುವರೆಂದೆವು.

“ಹಾಗಾದರೆ ಇನ್ನೊಂದು ಸುತ್ತು ಬರಲಿ, ತಾಳು” ಎಂದು ಅವರು ಮರಳಿನ ಮೇಲೆ ಕಾಲು ಚಾಚಿ ಕುಳಿತು, ದೀಪದ ಕಡೆಗೆ ಮುಖವೆತ್ತಿದರು.